ಇಂಗ್ಲೆಂಡಿನ ಹಳ್ಳಿ ಚರ್ಚಿನ ಗೋಡೆಯಲ್ಲಿ ಎಲ್ಲಿಗೂ ಹೋಗದ ಮೆಟ್ಟಿಲು ಯಾಕಿದೆ?

ಇಂಗ್ಲೆಂಡಿನ ಹಳೇ ಹಳ್ಳಿ ಚರ್ಚುಗಳಲ್ಲಿ ಅರ್ಧಕ್ಕೇ ನಿಂತ ಮೆಟ್ಟಿಲು, ಗೋಡೆಗೂಡಿನಲ್ಲಿ ತೂತುಬಿದ್ದ ಕಲ್ಲುಬೋಗುಣಿ ಕಾಣಸಿಗುತ್ತವೆ. ಎರಡಕ್ಕೂ ಹಿನ್ನೆಲೆ ಒಂದೇ. ಅವು ಬೇಕಾಗಿದ್ದ ಕ್ಯಾಥೊಲಿಕ್ ಪೂಜಾವಿಧಿಯನ್ನೇ 16ನೇ ಶತಮಾನದಲ್ಲಿ, ಇಂಗ್ಲೆಂಡ್ ಪ್ರೊಟೆಸ್ಟಂಟ್ ಆದಾಗ, ನಿಲ್ಲಿಸಿದರು. ಮರದ್ದನ್ನು ಹೆಚ್ಚಾಗಿ ಕಿತ್ತುಹಾಕಿದರು, ಕಲ್ಲಿನದು ಉಳಿಯಿತು.

ಚರ್ಚಿನ ಪೂರ್ವದ ತುದಿಯಲ್ಲಿ ಬಲಿಪೀಠ, ಅಂದರೆ ಪೂಜೆ ನಡೆಸುವ ಮೇಜು. ಅದಿರುವ ಭಾಗ ಚಾನ್ಸೆಲ್, ಗುರುಗಳದ್ದು, ಅಂದರೆ ಪಾದ್ರಿಗಳದ್ದು. ಪಶ್ಚಿಮದ ದೊಡ್ಡ ಭಾಗ ನೇವ್, ಊರವರದ್ದು. ಆಗ ಚಾನ್ಸೆಲ್ಲಿನ ರಿಪೇರಿ ಗುರುಗಳ ಖರ್ಚಾಗಿತ್ತು, ನೇವ್‌ನದು ಊರವರ ಖರ್ಚು. ಹಾಗಾಗಿಯೇ ಎಷ್ಟೋ ಕಡೆ ಒಂದು ಭವ್ಯವಾಗಿದ್ದರೆ ಇನ್ನೊಂದು ಸಾದಾ. ಎರಡರ ನಡುವೆ ಕೆತ್ತನೆಯ ಮರದ ತಡಿಕೆ, ಅದರ ಮೇಲೊಂದು ಅಟ್ಟ, ಅದಕ್ಕೂ ಮೇಲೆ ಶಿಲುಬೆಯ ಕ್ರಿಸ್ತ, ಎರಡು ಬದಿಗೆ ಅವನ ತಾಯಿ ಮರಿಯ ಮತ್ತು ಶಿಷ್ಯ ಯೊವಾನ್ನ. ಅರ್ಧಕ್ಕೇ ನಿಂತ ಮೆಟ್ಟಿಲು ಆ ಅಟ್ಟಕ್ಕೆ ಹತ್ತಲು. ಅಲ್ಲಿ ದೀಪ ಹಚ್ಚುತ್ತಿದ್ದರು. ಆರನೇ ಎಡ್ವರ್ಡನ ಕಾಲದಲ್ಲಿ ವಿಗ್ರಹಗಳು ಹೋದವು, 1561ರಲ್ಲಿ ಎಲಿಜಬೆತ್ ರಾಣಿಯ ಆಜ್ಞೆಯಿಂದ ಅಟ್ಟವೂ ಹೋಯಿತು. ಕೆಳಗಿನ ತಡಿಕೆ ಇರಬಹುದು ಎಂದಿದ್ದರಿಂದಲೇ ನಾರ್ಫಕ್‌ನ ರಾನ್‌ವರ್ತ್‌ನಲ್ಲಿ ಸಂತರ ಚಿತ್ರಗಳ ಸಮೇತ ಅದು ಇವತ್ತಿಗೂ ನಿಂತಿದೆ. ಮೆಟ್ಟಿಲಿನ ಮೇಲ್ತುದಿಯ ಬಾಗಿಲಿನ ಎತ್ತರದಲ್ಲೇ ಚಾನ್ಸೆಲ್ಲಿನ ಕಮಾನಿನ ಬದಿಗಳನ್ನು ನೋಡಿ: ಅಟ್ಟದ ತೊಲೆ ಕೂರಿಸಿದ ಗುಳಿಗಳನ್ನು ಆಮೇಲೆ ಕಲ್ಲು ತುಂಬಿ ಮುಚ್ಚಿರುತ್ತಾರೆ.

ಬೋಗುಣಿಯ ಹೆಸರು ಪಿಸೀನಾ. ಬಲಿಪೂಜೆಯಲ್ಲಿ, ಅಂದರೆ ರೊಟ್ಟಿ-ದ್ರಾಕ್ಷಾರಸದ ಪೂಜೆಯಲ್ಲಿ, ಕೈ ಮತ್ತು ಪಾತ್ರೆ ತೊಳೆದ ನೀರನ್ನು ಎಲ್ಲೆಂದರಲ್ಲಿ ಚೆಲ್ಲುವಂತಿರಲಿಲ್ಲ. ತೂತಿನಿಂದ ಇಳಿದು ಪವಿತ್ರಗೊಳಿಸಿದ ಮಣ್ಣನ್ನೇ ಸೇರಬೇಕಿತ್ತು. ಇದು ಸಾಮಾನ್ಯವಾಗಿ ಬಲಿಪೀಠದ ದಕ್ಷಿಣಕ್ಕಿರುತ್ತದೆ. ಪಕ್ಕದ ಹಜಾರದಲ್ಲೂ ಒಂದು ಕಂಡರೆ, ಅಲ್ಲಿ ಇನ್ನೊಂದು ಬಲಿಪೀಠ ಇತ್ತೆಂದೇ ತಿಳಿಯಿರಿ. ಪಿಸೀನಾ ಮೊಣಕಾಲಿನ ಮಟ್ಟದಲ್ಲಿದ್ದರೆ ನೆಲವನ್ನು ಎತ್ತರಿಸಿದ್ದಾರೆ ಎಂದರ್ಥ, ಹೆಚ್ಚಾಗಿ ವಿಕ್ಟೋರಿಯಾ ಕಾಲದಲ್ಲಿ.

ಬಾಗಿಲ ಬಳಿಯ ಜ್ಞಾನಸ್ನಾನದ ತೊಟ್ಟಿಯನ್ನೂ ಬಿಡಬೇಡಿ. ನೀರು ಜಿನುಗದಂತೆ ಒಳಗೆ ಸೀಸದ ಹೊದಿಕೆ ಇರುತ್ತದೆ. ಅಂಚು ಒಡೆದಿದ್ದರೆ, ಕಬ್ಬಿಣದ ಮೊಳೆಯ ತುಂಡಿದ್ದರೆ, ಅದು ಬೀಗದ ಗುರುತು. ಪವಿತ್ರ ಜಲವನ್ನು ಮಾಟಕ್ಕೆ ಕದಿಯುತ್ತಾರೆಂಬ ಭಯದಿಂದ ಮುಚ್ಚಳಕ್ಕೆ ಬೀಗ ಹಾಕಿರಬೇಕೆಂದು 1236ರಲ್ಲಿ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರ ಆಜ್ಞೆಯಾಗಿತ್ತು.

ಕಾಲ ಹೇಳಲು ಕಿಟಕಿಯೊಂದನ್ನೇ ನಂಬಬೇಡಿ. ಅರ್ಧವೃತ್ತದ ಕಮಾನು ಸುಮಾರು 1190ಕ್ಕೆ ಹಿಂದಿನದು, ಕಿರಿದಾದ ಚೂಪು ಕಿಟಕಿ 13ನೇ ಶತಮಾನದ್ದು, ಕಲ್ಲಿನ ಕಡ್ಡಿಗಳು ನೆಟ್ಟಗೆ ತುದಿಯವರೆಗೆ ಹೋದರೆ 1350ರ ನಂತರದ್ದು, ಸರಿ. ಆದರೆ ಹಳೇ ಗೋಡೆ ಒಡೆದು ಹೊಸ ಕಿಟಕಿ ಕೂರಿಸುವುದು ಆಗ ಮಾಮೂಲು. ಬೆಂಚುಗಳಂತೂ ಬಹುಪಾಲು 19ನೇ ಶತಮಾನದವು.

ಸಫಕ್‌ನ ವೆನ್‌ಹ್ಯಾಸ್ಟನ್‌ಗೆ ಹೋಗಲು ಸಾಧ್ಯವಾದರೆ ಖಂಡಿತ ಹೋಗಿ. ಅಲ್ಲಿನ ಚರ್ಚಿನ ಸುಣ್ಣ ಬಳಿದ ಹಲಗೆಗಳನ್ನು 1892ರಲ್ಲಿ ಹೊರಗೆ ಹಾಕಿದಾಗ ಮಳೆಗೆ ಸುಣ್ಣ ತೊಳೆದು, ಲೋಕದ ಕೊನೆಗೆ ದೇವರು ಕೊಡುವ ಅಂತಿಮ ತೀರ್ಪಿನ ಚಿತ್ರ ಹೊರಬಂತು. ಅದರ ನಡುವೆ ಬಣ್ಣವಿಲ್ಲದ ಮೂರು ಖಾಲಿ ಆಕಾರಗಳಿವೆ: ನಾನು ಮೇಲೆ ಹೇಳಿದ ಮೂರು ವಿಗ್ರಹಗಳು ನಿಂತಿದ್ದ ಜಾಗ.

ಟಾರ್ಚ್ ಒಯ್ಯಿರಿ, ಗೋಡೆಗೆ ಎದುರಾಗಿ ಹಿಡಿಯದೆ ಪಕ್ಕದಿಂದ ಹಾಯಿಸಿ. ಮುಚ್ಚಿದ ಬಾಗಿಲು, ತುಂಬಿದ ಗುಳಿಗಳ ಅಂಚು ಆಗ ಎದ್ದು ಕಾಣುತ್ತದೆ.