ಹೊಸ ರ‍್ಯಾಮ್ ಹಾಕಿದ ಮೇಲೆ ಬ್ಲೂ ಸ್ಕ್ರೀನ್ ಬರ್ತಿದೆ, ಫಾರ್ಮ್ಯಾಟ್ ಮಾಡಿಸಬೇಕಾ?

ಬೇಡ. ಈಗಂತೂ ಖಂಡಿತ ಬೇಡ.

ನೀವು ಬರೆದದ್ದರಲ್ಲಿ ನನಗೆ ಅರ್ಥವಾಗಿದ್ದು ಇಷ್ಟು. ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್. ಮೊದಲಿಂದ ಇದ್ದದ್ದು 8 ಜಿಬಿಯ ಒಂದೇ ಡಿಡಿಆರ್4 ರ‍್ಯಾಮ್ ಸ್ಟಿಕ್, 2666 ವೇಗದ್ದು. ಈಗ 8 ಜಿಬಿಯದೇ ಇನ್ನೊಂದು ಹಾಕಿಸಿದ್ದೀರಿ, ಅದು 3200ರದ್ದು. ಪೂರ್ತಿ ಸ್ಪೀಡ್ ಸಿಗಲಿ ಅಂತ ಬಯೋಸ್‌ನಲ್ಲಿ (ಬೋರ್ಡ್‌ನ ಸೆಟ್ಟಿಂಗ್ ಪುಟದಲ್ಲಿ) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಅದರ ಪ್ರೊಫೈಲ್‌ನಲ್ಲಿರುವ ವೇಗಕ್ಕೆ ಏರಿಸುವ ಸೆಟ್ಟಿಂಗ್, ಆನ್ ಮಾಡಿದ್ದೀರಿ. ಅವತ್ತಿನಿಂದ ದಿನಕ್ಕೆ ಎರಡು ಮೂರು ಸಲ ಬ್ಲೂ ಸ್ಕ್ರೀನ್. ಒಮ್ಮೆ 'ಮೆಮೊರಿ ಮ್ಯಾನೇಜ್‌ಮೆಂಟ್' ಅಂತ, ಇನ್ನೊಮ್ಮೆ 'ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ' ಅಂತ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ನೋಡಿದರೆ 47 ಎರರ್. ಅಂಗಡಿಯವರು ಫಾರ್ಮ್ಯಾಟ್ ಮಾಡಿಸಿ ಅಂದಿದ್ದಾರೆ. 47 ಅಂದರೆ ಜಾಸ್ತಿನಾ, ಹೊಸ ಸ್ಟಿಕ್ಕೇ ಕೆಟ್ಟಿದೆಯಾ ಅನ್ನುವುದು ನಿಮ್ಮ ಪ್ರಶ್ನೆ.

47 ಆದರೂ ಒಂದೇ, 1 ಆದರೂ ಒಂದೇ. ರ‍್ಯಾಮ್‌ನಲ್ಲಿ ಸೊನ್ನೆ ಎರರ್ ಇರಬೇಕು, ಅಷ್ಟೇ. ಇನ್ನು ಫಾರ್ಮ್ಯಾಟ್ ವಿಷಯ. ಮೆಮ್‌ಟೆಸ್ಟ್ ಪೆನ್‌ಡ್ರೈವ್‌ನಿಂದ ನೇರವಾಗಿ ಬೂಟ್ ಆಗುತ್ತದೆ, ಆ ಹೊತ್ತಿಗೆ ವಿಂಡೋಸ್ ಶುರುವೇ ಆಗಿರುವುದಿಲ್ಲ. ಶುರುವೇ ಆಗದ ವಿಂಡೋಸ್‌ನಿಂದ ಆ 47 ಎರರ್ ಬರಲು ಸಾಧ್ಯವಿಲ್ಲ ಅಲ್ವಾ. ಅದಕ್ಕಿಂತ ಮುಖ್ಯವಾದದ್ದು, ವಿಂಡೋಸ್ ಹಾಕುವಾಗ ಪ್ರತಿಯೊಂದು ಫೈಲ್ ಕೂಡ ರ‍್ಯಾಮ್ ಮೂಲಕವೇ ಡಿಸ್ಕ್‌ಗೆ ಹೋಗುತ್ತದೆ. ರ‍್ಯಾಮ್ ತಪ್ಪು ಮಾಡುತ್ತಿರುವಾಗ ಹೊಸದಾಗಿ ಹಾಕಿದ ವಿಂಡೋಸ್ ಕೂಡ ಹುಟ್ಟುವಾಗಲೇ ಕೆಟ್ಟಿರಬಹುದು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2021ರಲ್ಲಿ ನಾನೂ ಇದೇ ಪ್ರೊಸೆಸರ್‌ನ ಕಂಪ್ಯೂಟರಿಗೆ ರ‍್ಯಾಮ್ ಜಾಸ್ತಿ ಮಾಡಿದೆ. ಇದ್ದ ಎರಡು 8 ಜಿಬಿ ಸ್ಟಿಕ್ ಜೊತೆಗೆ ಅದೇ ಕಂಪನಿಯ, ಅದೇ ಮಾಡೆಲ್‌ನ ಇನ್ನೆರಡು ತಂದು ಹಾಕಿದೆ. ಬ್ಲೂ ಸ್ಕ್ರೀನ್ ಬರಲೇ ಇಲ್ಲ. ಆಗೊಮ್ಮೆ ಈಗೊಮ್ಮೆ ಕ್ರೋಮ್‌ನ ಒಂದು ಟ್ಯಾಬ್ ಬಿದ್ದುಹೋಗುತ್ತಿತ್ತು, ದೊಡ್ಡ ಜಿಪ್ ಫೈಲ್ ಬಿಚ್ಚಿದರೆ ಫೈಲ್ ಕೆಟ್ಟಿದೆ ಅನ್ನುವ ಸಿಆರ್‌ಸಿ ಎರರ್ ಬರುತ್ತಿತ್ತು, ಮತ್ತೆ ಪ್ರಯತ್ನಿಸಿದರೆ ಸರಿಯಾಗಿ ಬಿಚ್ಚಿಕೊಳ್ಳುತ್ತಿತ್ತು. ಇಂಟರ್ನೆಟ್ ಸರಿ ಇಲ್ಲ ಅಂದುಕೊಂಡು ಸುಮ್ಮನಿದ್ದೆ. ಆ ದಿನಗಳಲ್ಲೇ ಅಪ್ಪನ ಅರವತ್ತರ ಶಾಂತಿಯ ಫೋಟೋಗಳನ್ನು ಫೋನ್‌ನಿಂದ ಕಂಪ್ಯೂಟರಿಗೆ ಹಾಕಿಕೊಂಡು, ಜಾಗ ಬೇಕು ಅಂತ ಫೋನ್‌ನಿಂದ ಅಳಿಸಿಬಿಟ್ಟೆ. ಎರಡು ವಾರದ ಮೇಲೆ ತೆರೆದು ನೋಡಿದರೆ ಕೆಲವು ಫೋಟೋ ಅರ್ಧದವರೆಗೆ ಸರಿ ಇವೆ, ಅಲ್ಲಿಂದ ಕೆಳಗೆ ಇಡೀ ಚಿತ್ರ ಪಕ್ಕಕ್ಕೆ ಸರಿದು ನೇರಳೆ ಬಣ್ಣಕ್ಕೆ ತಿರುಗಿದೆ. ಜೆಪೆಗ್ ಫೈಲ್‌ನಲ್ಲಿ ಒಂದೇ ಒಂದು ಬಿಟ್ ತಿರುಗಿದರೂ ಸಾಕು, ಅಲ್ಲಿಂದ ಮುಂದಿನದೆಲ್ಲ ತಪ್ಪಾಗಿ ಓದಿಕೊಳ್ಳಬಹುದು. ಅಪ್ಪ ಅಮ್ಮ ಆರತಿ ಎತ್ತಿಸಿಕೊಳ್ಳುತ್ತಿದ್ದ ಒಂದು ಫೋಟೋ ಹಾಗೆ ಹೋಯಿತು, ಅದರ ಇನ್ನೊಂದು ಕಾಪಿ ಯಾರ ಹತ್ತಿರವೂ ಇರಲಿಲ್ಲ.

ಆದ್ದರಿಂದ ಈ ಸಮಸ್ಯೆ ಮುಗಿಯುವವರೆಗೆ ಆ ಕಂಪ್ಯೂಟರಿನಲ್ಲಿ ಮುಖ್ಯವಾದ ಯಾವ ಫೈಲನ್ನೂ ಕಾಪಿ ಮಾಡಬೇಡಿ, ಬ್ಯಾಕಪ್ ಕೂಡ ತೆಗೆಯಬೇಡಿ. ಕೆಲಸ ನಿಲ್ಲುವ ಹಾಗಿಲ್ಲ ಅಂದರೆ ಹೊಸ ಸ್ಟಿಕ್ ತೆಗೆದಿಟ್ಟು, ಎಕ್ಸ್‌ಎಂಪಿ ಆಫ್ ಮಾಡಿ, ಹಳೆಯ 8 ಜಿಬಿಯಲ್ಲೇ ನಡೆಸಿ.

ಈಗ ಹುಡುಕುವ ಕೆಲಸ. ವಿಂಡೋಸ್‌ನಲ್ಲಿ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಸುಮ್ನೆ ಶಟ್‌ಡೌನ್ ಕೊಟ್ಟರೆ ಫಾಸ್ಟ್ ಸ್ಟಾರ್ಟಪ್ ಇರುವ ಕಡೆ ಅದು ಪೂರ್ತಿ ಆಫ್ ಆಗಿರುವುದಿಲ್ಲ. ಆಮೇಲೆ ಹಿಂದೆ ಎಸ್‌ಎಂಪಿಎಸ್ (ಪವರ್ ಸಪ್ಲೈ) ಸ್ವಿಚ್ ಆಫ್ ಮಾಡಿ, ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿಯಿರಿ, ಕ್ಯಾಬಿನೆಟ್‌ನ ಬರಿ ಲೋಹದ ಭಾಗ ಮುಟ್ಟಿ, ನಂತರ ಕೈ ಹಾಕಿ.

ಸ್ಟಿಕ್ ಸರಿಯಾಗಿ ಕೂತಿದೆಯಾ ಅನ್ನುವುದನ್ನೇ ಮೊದಲು ನೋಡಿ. ಬಹಳಷ್ಟು ಬೋರ್ಡ್‌ಗಳಲ್ಲಿ ಸ್ಲಾಟ್‌ನ ಒಂದು ತುದಿಗೆ ಮಾತ್ರ ಕ್ಲಿಪ್ ಇರುತ್ತದೆ. ಆ ಕಡೆ 'ಟಿಕ್' ಅಂದ ಕೂಡಲೇ ಆಯಿತು ಅಂದುಕೊಂಡು ಬಿಡುತ್ತೇವೆ, ಕ್ಲಿಪ್ ಇಲ್ಲದ ತುದಿ ಕೂದಲೆಳೆಯಷ್ಟು ಮೇಲೇ ಉಳಿದಿರುತ್ತದೆ. ಡಿಡಿಆರ್4 ಸ್ಟಿಕ್‌ನಲ್ಲಿ 288 ಪಿನ್ ಇವೆ, ನಾಲ್ಕೈದು ಸರಿಯಾಗಿ ತಾಗದಿದ್ದರೂ ಕಂಪ್ಯೂಟರ್ ಆನ್ ಆಗಿ ಆಮೇಲೆ ತೊಂದರೆ ಕೊಡಬಹುದು. ಎರಡು ಹೆಬ್ಬೆರಳಿನಿಂದ ಎರಡೂ ತುದಿ ಗಟ್ಟಿಯಾಗಿ ಒತ್ತಿ, ಪಕ್ಕದಿಂದ ಬಗ್ಗಿ ನೋಡಿ, ಸ್ಟಿಕ್‌ನ ಮೇಲಂಚು ಸ್ಲಾಟ್‌ಗೆ ಸಮಾನಾಂತರವಾಗಿರಬೇಕು. ಪಿನ್ ಒರೆಸಲು ರಬ್ಬರ್ ಉಜ್ಜುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ, ನನಗೆ ಅದು ಇಷ್ಟವಿಲ್ಲ. ಚಿನ್ನದ ಲೇಪ ಸವೆಯುತ್ತದೆ, ರಬ್ಬರ್ ಪುಡಿ ಸ್ಲಾಟ್‌ನೊಳಗೆ ಬೀಳುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಮೆತ್ತನೆ ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟು ಹಾಕಿ.

ಇನ್ನು ಟೆಸ್ಟ್. ಎಕ್ಸ್‌ಎಂಪಿ ಆಫ್ ಮಾಡಿ, ಕೆಲವು ಬೋರ್ಡ್‌ನಲ್ಲಿ ಇದಕ್ಕೆ ಡಿಒಸಿಪಿ ಅಂತ ಹೆಸರಿದೆ. ಹೊಸ ಸ್ಟಿಕ್ ಒಂದನ್ನೇ ಎ2 ಸ್ಲಾಟ್‌ಗೆ ಹಾಕಿ. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಎ2, ನಾಲ್ಕನೆಯದು ಬಿ2, ಬೋರ್ಡ್ ಮೇಲೇ ಸಣ್ಣದಾಗಿ ಬರೆದಿರುತ್ತದೆ. ರಾತ್ರಿ ಮೆಮ್‌ಟೆಸ್ಟ್ ಹಾಕಿ ಮಲಗಿ. ಉಚಿತ ಆವೃತ್ತಿಯಲ್ಲಿ ನಾಲ್ಕು ಪಾಸ್, ಅಂದರೆ ಟೆಸ್ಟಿನ ನಾಲ್ಕು ಸುತ್ತು ಸಿಗುತ್ತದೆ, ನಾಲ್ಕೂ ಮುಗಿಯಲಿ, ಒಂದೇ ಪಾಸ್‌ಗೆ ನಿಲ್ಲಿಸಬೇಡಿ. ಮರುದಿನ ಹಳೆಯದನ್ನು ಅದೇ ಎ2ಗೆ ಹಾಕಿ ಅದೇ ರೀತಿ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಸ್ಟಿಕ್ಕೂ ಸ್ಲಾಟೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದೇ ಇಲ್ಲ.

ಎಕ್ಸ್‌ಎಂಪಿ ಆಫ್ ಇದ್ದು, ಒಂಟಿಯಾಗಿಯೂ ಹೊಸ ಸ್ಟಿಕ್ ಎರರ್ ಕೊಟ್ಟರೆ ಅದನ್ನೇ ಬಿ2ನಲ್ಲಿ ಹಾಕಿ ನೋಡಿ. ಅಲ್ಲೂ ಕೊಟ್ಟರೆ ಸ್ಟಿಕ್ ಕೆಟ್ಟಿದೆ, ಸ್ಕ್ರೀನ್‌ನ ಫೋಟೋ ತೆಗೆದುಕೊಂಡು ಹೋಗಿ ಬದಲಾಯಿಸಿಕೊಡಿ ಅಂತ ಕೇಳಿ. ಹಾಗಲ್ಲದೆ ಎ2ನಲ್ಲಿ ಎರಡೂ ಸ್ಟಿಕ್ ಸರಿ ಇದ್ದು, ಬಿ2ನಲ್ಲಿ ಎರಡೂ ತಪ್ಪು ತೋರಿಸಿದರೆ ರ‍್ಯಾಮ್ ಪಾಡಿಗೆ ರ‍್ಯಾಮ್ ಚೆನ್ನಾಗಿದೆ. ಆಗ ಸ್ಲಾಟ್‌ನ ಧೂಳು, ಪ್ರೊಸೆಸರ್‌ನ ಬಾಗಿದ ಪಿನ್, ಕೂಲರ್‌ನ ಸ್ಕ್ರೂ ಒಂದು ಕಡೆ ಮಾತ್ರ ಜಾಸ್ತಿ ಬಿಗಿಯಾಗಿರುವುದು, ಇವನ್ನು ನೋಡಬೇಕು. ಕೂಲರ್‌ಗೂ ರ‍್ಯಾಮ್‌ಗೂ ಏನು ಸಂಬಂಧ ಅನ್ನಿಸಬಹುದು. ಕೂಲರ್ ಪ್ರೊಸೆಸರ್ ಮೇಲೆ ಒತ್ತಿ ಕೂತಿರುತ್ತದೆ, ರ‍್ಯಾಮನ್ನು ನಡೆಸುವ ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್‌ನ ಒಳಗೇ.

ನಿಮ್ಮ ವಿಷಯದಲ್ಲಿ ಎರಡೂ ಸ್ಟಿಕ್ ಒಂಟಿಯಾಗಿ ಪಾಸ್ ಆಗುತ್ತವೆ ಅನ್ನುವುದು ನನ್ನ ಅಂದಾಜು. ಯಾಕೆಂದರೆ ಎಕ್ಸ್‌ಎಂಪಿ ಆಫ್ ಇದ್ದಾಗ ಬೋರ್ಡ್ ಎರಡೂ ಸ್ಟಿಕ್‌ಗೆ ಒಗ್ಗುವ ವೇಗವನ್ನು, ಅಂದರೆ ನಿಧಾನದ್ದರ ವೇಗವನ್ನು ಆರಿಸಿಕೊಳ್ಳುತ್ತದೆ. ಹೊಸ ಸ್ಟಿಕ್‌ನ ಪ್ರೊಫೈಲ್ ಹಿಡಿದು ಎಕ್ಸ್‌ಎಂಪಿ ಆನ್ ಮಾಡಿದರೆ ಹಳೆಯದೂ 3200ರಲ್ಲೇ ಓಡಬೇಕು, 2666ಕ್ಕೆ ಅಂತ ಮಾಡಿದ್ದು ಅದು. ಓಡಿದರೆ ಅದೃಷ್ಟ. ಎರಡನ್ನೂ ಹಾಕಿ, ಎಕ್ಸ್‌ಎಂಪಿ ಆಫ್ ಇಟ್ಟು ನಾಲ್ಕು ಪಾಸ್ ಸೊನ್ನೆ ಬಂದರೆ ಹಾಗೇ ಬಿಡಿ. ವೋಲ್ಟೇಜ್ ಏರಿಸಿ 3200 ತರಬಹುದು ಅಂತ ಯಾರಾದರೂ ಹೇಳಿದರೆ ಆ ದಾರಿ ಬೇಡ. 2666ಕ್ಕೂ 3200ಕ್ಕೂ ಇರುವ ವ್ಯತ್ಯಾಸ ದಿನದ ಕೆಲಸದಲ್ಲಿ ಗೊತ್ತೇ ಆಗುವುದಿಲ್ಲ.

ನನ್ನದರಲ್ಲೂ ಹೀಗೇ ಆಗಿತ್ತು. ನಾಲ್ಕು ಸ್ಟಿಕ್ಕನ್ನೂ ಒಂದೊಂದಾಗಿ ನಾಲ್ಕು ರಾತ್ರಿ ಟೆಸ್ಟ್ ಮಾಡಿದೆ, ನಾಲ್ಕೂ ಸೊನ್ನೆ. ನಾಲ್ಕನ್ನೂ ಸೇರಿಸಿ 3200ಕ್ಕೆ ಇಟ್ಟರೆ ಎರಡನೇ ಪಾಸ್‌ನಲ್ಲಿ ಕೆಂಪು ಸಾಲುಗಳು. ಅಲ್ಲಿ ಒಂದೊಂದು ಅಕ್ಷರ ಅಂದರೆ ನಾಲ್ಕು ಬಿಟ್. ಎಂಟು ಎಫ್ ಇರಬೇಕಾದ ಕಡೆ ಏಳನೆಯದು ಮಾತ್ರ ಇ ಆಗಿತ್ತು, ಅಂದರೆ 32 ಬಿಟ್‌ನಲ್ಲಿ ಒಂದೇ ಒಂದು ತಿರುಗಿತ್ತು. ಅಡ್ರೆಸ್, ಅಂದರೆ ಎರರ್ ಬಂದ ಜಾಗ ಕೂಡ ಪ್ರತಿ ಸಲ ಬೇರೆ ಬೇರೆ. ನೀವು ತೆಗೆಯುವ ಟೆಸ್ಟ್ ಸ್ಕ್ರೀನ್‌ನ ಫೋಟೋದಲ್ಲೂ ಇದನ್ನು ಗಮನಿಸಿ: ಪ್ರತಿ ಸಲ ಅದೇ ಅಡ್ರೆಸ್ ಬಂದರೆ ಸ್ಟಿಕ್‌ನಲ್ಲೇ ಒಂದು ಜಾಗ ಸತ್ತಿರುವ ಸಾಧ್ಯತೆ ಜಾಸ್ತಿ, ಎಲ್ಲೆಲ್ಲೋ ಚದುರಿದ್ದರೆ ವೇಗ, ಟೈಮಿಂಗ್ ಕಡೆ ಅನುಮಾನ ಪಡಬೇಕು. ಕಂಪ್ಯೂಟರಿನ ಭಾಗಗಳ ವಿವರ ತೋರಿಸುವ ಸಿಪಿಯು-ಝಡ್ ಪ್ರೋಗ್ರಾಮಿನ ಎಸ್‌ಪಿಡಿ (ರ‍್ಯಾಮ್ ವಿವರದ) ಪುಟ ತೆರೆದು ನೋಡಿದರೆ ನನ್ನ ಎರಡು ಜೋಡಿಗಳ ಲೇಬಲ್ ಒಂದೇ ಆದರೂ ಒಳಗಿನ ಚಿಪ್ ಮಾಡಿದವರು ಬೇರೆ ಬೇರೆ. ರೈಜನ್ 5 3600ಕ್ಕೆ ಎಎಂಡಿ ಕೊಟ್ಟಿರುವ ಮಿತಿ ಕೂಡ ಹಾಗೇ ಇದೆ (ರ‍್ಯಾಂಕ್ ಅಂದರೆ ಸ್ಟಿಕ್‌ನಲ್ಲಿ ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಗುಂಪು), ಎರಡು ಸ್ಟಿಕ್ ಇದ್ದರೆ 3200, ಸಿಂಗಲ್ ರ‍್ಯಾಂಕ್‌ನ ನಾಲ್ಕಿದ್ದರೆ 2933, ಡ್ಯುಯಲ್ ರ‍್ಯಾಂಕ್‌ನ ನಾಲ್ಕಿದ್ದರೆ 2667. ನನ್ನವು ಸಿಂಗಲ್ ರ‍್ಯಾಂಕ್. 2933ಕ್ಕೆ ಇಳಿಸಿದೆ, ಸೊನ್ನೆ ಬಂತು, ಇವತ್ತಿಗೂ ಹಾಗೇ ಓಡುತ್ತಿದೆ.

ಟೆಸ್ಟ್ ಸೊನ್ನೆ ಬಂದ ಮೇಲೆ ವಿಂಡೋಸ್ ಕಡೆ ಬನ್ನಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಸ್‌ಎಫ್‌ಸಿ ಸ್ಕ್ಯಾನ್ (sfc /scannow) ಓಡಿಸಿ, ಕೆಟ್ಟ ಸಿಸ್ಟಮ್ ಫೈಲ್ ಇದ್ದರೆ ಸರಿಮಾಡುತ್ತದೆ, ಆಮೇಲೆ ಡಿಸ್ಕ್‌ನಲ್ಲಿ ತಪ್ಪಿದೆಯಾ ನೋಡುವ ಚೆಕ್‌ಡಿಸ್ಕ್ (chkdsk). ಅದರ ಮೇಲೂ ಬ್ಲೂ ಸ್ಕ್ರೀನ್ ನಿಲ್ಲದಿದ್ದರೆ ಆಗ ಫಾರ್ಮ್ಯಾಟ್ ಮಾಡಿಸಿ, ಆ ಹೊತ್ತಿಗೆ ಅದರಿಂದ ಪ್ರಯೋಜನ ಇದೆ. ಹೊಸ ಸ್ಟಿಕ್ ಹಾಕಿದ ದಿನದಿಂದ ಇವತ್ತಿನವರೆಗೆ ಕಾಪಿ ಮಾಡಿದ ಫೋಟೋ, ದಾಖಲೆಗಳನ್ನು ಒಂದೊಂದಾಗಿ ತೆರೆದು ನೋಡಿ. ಮೂಲ ಇನ್ನೂ ಫೋನ್‌ನಲ್ಲೋ ಕ್ಯಾಮೆರಾ ಕಾರ್ಡ್‌ನಲ್ಲೋ ಇದ್ದರೆ ಅಳಿಸಬೇಡಿ, ಮತ್ತೊಮ್ಮೆ ಕಾಪಿ ಮಾಡಿಕೊಳ್ಳಿ.

ಎ2ನಲ್ಲಿ ಎರಡೂ ಸ್ಟಿಕ್‌ನ ಟೆಸ್ಟ್ ಆದ ಮೇಲೆ ಎರರ್ ಎಷ್ಟು, ಅಡ್ರೆಸ್ ಯಾವುದು ಅಂತ ಇಲ್ಲೇ ಕೆಳಗೆ ಹಾಕಿ. ನೋಡಿ ಹೇಳುತ್ತೇನೆ.