ಗಂಟೆಗಟ್ಟಲೆ ಕೂತು ಗೇಮ್ ಆಡಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆಯೇ?

ರಜೆಯ ದಿನ ಏಳೆಂಟು ಗಂಟೆ ಕುರ್ಚಿ ಬಿಟ್ಟೇಳದೆ ಆಡುತ್ತೀರಿ, ಬೆಳಿಗ್ಗೆ ಒಂದು ಗಂಟೆ ಜಿಮ್‌ಗೆ ಹೋಗುವುದರಿಂದ ಅದು ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ಪೂರ್ತಿ ಸರಿಹೋಗುವುದಿಲ್ಲ. ಜಿಮ್ ಖಂಡಿತ ಬಿಡಬೇಡಿ, ಆದರೆ ಬೆಳಿಗ್ಗೆ ಮಾಡಿದ ವ್ಯಾಯಾಮ ಮಧ್ಯಾಹ್ನ ಕಾಲಿನಲ್ಲಿ ನಿಂತ ರಕ್ತವನ್ನು ಮೇಲಕ್ಕೆ ತಳ್ಳಲಾರದು.

ಪಾದದಿಂದ ರಕ್ತ ಹೃದಯಕ್ಕೆ ಮರಳಲು ಮೀನಖಂಡದ ಸ್ನಾಯು ಬೇಕು. ಅದು ಬಿಗಿದಾಗಲೆಲ್ಲ ಒಳಗಿನ ಅಭಿಧಮನಿ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ) ಹಿಂಡಿದಂತಾಗಿ ರಕ್ತ ಮೇಲೇರುತ್ತದೆ. ಅದು ಮತ್ತೆ ಕೆಳಗಿಳಿಯದಂತೆ ಕವಾಟಗಳು ತಡೆಯುತ್ತವೆ. ಕದಲದೆ ಕೂತರೆ ಈ ಪಂಪು ನಿಂತಂತೆಯೇ. ಸಾಲದ್ದಕ್ಕೆ ಮಂಡಿ ಮಡಿಚಿರುತ್ತದೆ, ಕುರ್ಚಿಯ ಅಂಚು ಮಂಡಿಯ ಹಿಂಬದಿ ಒತ್ತುತ್ತಿರುತ್ತದೆ. ನಿಂತ ರಕ್ತ ಅಭಿಧಮನಿಯೊಳಗೇ ಗಡ್ಡೆಕಟ್ಟಬಹುದು; ಆ ಗಡ್ಡೆ ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. 2003ರಲ್ಲಿ ನ್ಯೂಜಿಲೆಂಡಿನ ವೈದ್ಯರು, ದಿನಕ್ಕೆ 18 ಗಂಟೆಯವರೆಗೂ ಕಂಪ್ಯೂಟರ್ ಮುಂದೆ ಕೂರುತ್ತಿದ್ದ 32 ವರ್ಷದವರೊಬ್ಬರಲ್ಲಿ ಇದನ್ನು ಕಂಡು ‘ಇ-ಥ್ರಾಂಬೋಸಿಸ್’ ಎಂದು ಹೆಸರಿಟ್ಟರು.

ಆರೋಗ್ಯವಂತ ಯುವಕರಲ್ಲಿ ಇದು ಅಪರೂಪ, ಗಾಬರಿ ಬೇಡ. ಆದರೆ ಇತ್ತೀಚೆಗೆ ಆಪರೇಷನ್ ಆಗಿದ್ದರೆ, ಕಾಲಿಗೆ ಪ್ಲಾಸ್ಟರ್ ಹಾಕಿದ್ದರೆ, ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಬೊಜ್ಜು ಇದ್ದರೆ, ಮನೆಯಲ್ಲಿ ಯಾರಿಗಾದರೂ ಹೀಗೆ ಹೆಪ್ಪುಗಟ್ಟಿದ್ದರೆ ಲೆಕ್ಕವೇ ಬೇರೆ. ಅಂಥವರು ಇಡೀ ದಿನದ ಆಟಕ್ಕೆ ಕೂರಲೇಬಾರದು ಎಂಬುದು ನನ್ನ ಅಭಿಪ್ರಾಯ.

ಮಾಡಬೇಕಾದ್ದು ಕಷ್ಟದ್ದೇನಲ್ಲ. 30ರಿಂದ 45 ನಿಮಿಷಕ್ಕೊಮ್ಮೆ ಎದ್ದು ಎರಡು ಮೂರು ನಿಮಿಷ ಓಡಾಡಿ. ಗಡಿಯಾರದ ಅಲಾರಾಂ ಪಂದ್ಯದ ನಡುವೆ ಬಾರಿಸಿದರೆ ಯಾರೂ ಏಳುವುದಿಲ್ಲ, ಆದ್ದರಿಂದ ಪ್ರತಿ ಪಂದ್ಯ ಮುಗಿದೊಡನೆ ಏಳುವುದು ಎಂದು ಗೊತ್ತುಮಾಡಿಕೊಳ್ಳಿ. ನಿಂತಾಗ 20 ಸಲ ಹಿಮ್ಮಡಿ ಎತ್ತಿ ಇಳಿಸಿ. ಲೋಡಿಂಗ್ ಆಗುವಾಗ ಕೂತಲ್ಲೇ ಪಾದವನ್ನು ಮೇಲಕ್ಕೆ ಕೆಳಕ್ಕೆ ಆಡಿಸಿ. ಬರೀ ಬೆರಳು ಆಡಿಸಿದರೆ ಸಾಲದು, ಮೀನಖಂಡ ಬಿಗಿಯಬೇಕು. ಪಾದ ಪೂರ್ತಿ ನೆಲಕ್ಕೆ ತಾಗುವಂತೆ, ಸೀಟಿನ ಅಂಚಿಗೂ ಮಂಡಿಯ ಹಿಂಬದಿಗೂ ಎರಡು ಮೂರು ಬೆರಳಿನಷ್ಟು ಜಾಗ ಇರುವಂತೆ ಕುರ್ಚಿ ಹೊಂದಿಸಿ. ಕಾಲಮೇಲೆ ಕಾಲು ಹಾಕಿ ಕೂರಬೇಡಿ. ಮಂಡಿಯ ಹೊರಬದಿಯ ನರ ಅದುಮಿ ಪಾದ ಜೋಮು ಹಿಡಿಯುತ್ತದೆ, ಬಹಳ ಹೊತ್ತಾದರೆ ಪಾದ ಎತ್ತುವ ಶಕ್ತಿಯೇ ಕುಂದಬಹುದು. ನೀರಿಗೆ ದೊಡ್ಡ ಬಾಟಲಿ ಬೇಡ, ಸಣ್ಣ ಲೋಟ ಇಟ್ಟುಕೊಳ್ಳಿ: ತುಂಬಿಸಲಾದರೂ ಏಳುತ್ತೀರಿ. ಊಟವಾದ ಕೂಡಲೇ ಆಟಕ್ಕೆ ಕೂರದೆ ಸ್ವಲ್ಪ ನಡೆದರೆ ರಕ್ತದ ಸಕ್ಕರೆ ಏರುವುದೂ ತಗ್ಗುತ್ತದೆ.

ಸಂಜೆಗೆ ಎರಡೂ ಪಾದ ಸಮನಾಗಿ ಊದಿ, ಕಾಲು ಎತ್ತರಿಸಿ ಮಲಗಿದರೆ ಇಳಿಯುವುದು ಹೆಚ್ಚಾಗಿ ಕೂತದ್ದರ ಫಲ. ಒಂದೇ ಕಾಲು ಊದಿ, ಮೀನಖಂಡ ನೋಯುತ್ತ ಬಿಸಿಯಾಗಿದ್ದರೆ ಹಾಗೆ ಬಿಡಬೇಡಿ. ಮಂಡಿಚಿಪ್ಪಿನ ಕೆಳಗಿನ ಎಲುಬಿನ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲಿನ ಸುತ್ತಳತೆಯನ್ನು ಟೇಪಿನಲ್ಲಿ ಅಳೆಯಿರಿ. 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವನ್ನು ವೈದ್ಯರೂ ಗಂಭೀರವಾಗಿ ಎಣಿಸುತ್ತಾರೆ. ಅಷ್ಟಿಲ್ಲದಿದ್ದರೂ ನೋವು, ಊತ ಇದ್ದರೆ ಅದೇ ದಿನ ತೋರಿಸಿ. ಎಣ್ಣೆ ಹಚ್ಚಿ ತಿಕ್ಕಬೇಡಿ, ಗಡ್ಡೆ ಕಳಚಬಹುದು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿದಾಗ ರಕ್ತ ಬಂದರೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ. ಎಷ್ಟು ಗಂಟೆ ಕೂತಿದ್ದಿರಿ ಎಂಬುದನ್ನು ಅವರು ಕೇಳದಿದ್ದರೂ ನೀವೇ ಹೇಳಿ.