ನನ್ನ ಲೆಕ್ಕವೇ ಯಾಕೆ ತಪ್ಪುತ್ತಿದೆ?

ಪ್ರಶ್ನೆ: ನನಗೆ 38 ವರ್ಷ. ಒಂದು ಕಚೇರಿಯಲ್ಲಿ ಬಿಲ್ ನೋಡಿಕೊಳ್ಳುತ್ತೇನೆ. ಪಕ್ಕದ ಟೇಬಲ್‌ನವರು ನಿವೃತ್ತರಾಗಿ ಒಂದೂವರೆ ವರ್ಷವಾಯಿತು. ಅವರ ಕೆಲಸವೂ ನನ್ನ ಮೇಲೆಯೇ ಇದೆ. ಮೊದಲೆಲ್ಲ ಯಾರ ಲೆಕ್ಕ ತಪ್ಪಿದರೂ ನನ್ನನ್ನು ಕೇಳುತ್ತಿದ್ದರು. ಈಗ ನನ್ನದೇ ತಪ್ಪುತ್ತಿದೆ. ಕಳೆದ ತಿಂಗಳು 14,500 ಬದಲು 15,400 ಹೊಡೆದು, ಎಲ್ಲರ ಎದುರು ಬೈಸಿಕೊಂಡೆ. ಅಂದಿನಿಂದ ರಾತ್ರಿ ಎಂಟರವರೆಗೆ ಕೂತು ಎರಡೆರಡು ಸಲ ನೋಡುತ್ತೇನೆ. ಆದರೂ ತಪ್ಪು ನಿಂತಿಲ್ಲ. ಯಾರಾದರೂ ಫೈಲ್ ಹಿಡಿದು ಬಂದರೆ ಸಿಟ್ಟು ಬರುತ್ತದೆ. ನಾನು ಸೋಮಾರಿ ಆಗುತ್ತಿದ್ದೇನಾ?
– ಹೆಸರು ಬೇಡ, ವಿದ್ಯಾನಗರ, ದಾವಣಗೆರೆ

ಉತ್ತರ: ಇಲ್ಲ ತಂಗೀ. ಸೋಮಾರಿಗಳು ರಾತ್ರಿ ಎಂಟರವರೆಗೆ ಕೂರುವುದಿಲ್ಲ.

ನಾನೂ 31 ವರ್ಷ ಲೆಕ್ಕಪತ್ರ ವಿಭಾಗದಲ್ಲಿದ್ದವಳು. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಆ 900 ರೂಪಾಯಿ ವ್ಯತ್ಯಾಸದ ಮೇಲೆ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ಹಿಂದುಮುಂದಾಗಿದೆಯಾ ನೋಡು ಅಂತ ಹಿರಿಯರು ನಮಗೆ ಹೇಳಿಕೊಟ್ಟಿದ್ದರು. ಅದು ಕೆಲಸ ಬಾರದವರ ತಪ್ಪಲ್ಲ, ದಣಿದ ಕಣ್ಣಿನ ತಪ್ಪು.

ಇದನ್ನು ಬರ್ನೌಟ್ ಅನ್ನುತ್ತಾರೆ. ಕೆಲಸದ ಒತ್ತಡ ಬಹಳ ದಿನ ಹಾಗೇ ಉಳಿದರೆ ಬರುವ ಸ್ಥಿತಿ. ಇದು ಕಾಯಿಲೆಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಸ್ಪಷ್ಟಪಡಿಸಿದೆ. ಅದು ಹೇಳುವ ಲಕ್ಷಣ ಮೂರು: ಮೈಯಲ್ಲಿ ಕಸುವೇ ಇಲ್ಲದಂಥ ಸುಸ್ತು, ಕೆಲಸವೆಂದರೆ ಬೇಸರ, ಮೊದಲಿನಂತೆ ಕೆಲಸ ಆಗದಿರುವುದು. ಸಾಹೇಬರಿಗೆ ಕಾಣುವುದು ಮೂರನೆಯದು ಮಾತ್ರ. ಅದಕ್ಕೇ ಬೈಗುಳ. ತಪ್ಪಾಯಿತೆಂದು ನೀವು ಇನ್ನೂ ಹೊತ್ತು ಕೂರುತ್ತೀರಿ, ನಿದ್ದೆ ಕಡಿಮೆಯಾಗುತ್ತದೆ, ಮರುದಿನ ಮತ್ತೆ ತಪ್ಪು.

1998ರ ಮಾರ್ಚ್‌ನಲ್ಲಿ ನಾನೂ ಹೀಗೇ ಕೂತಿದ್ದೆ. ಒಂದೇ ವೋಚರ್ ಎರಡು ಸಲ ಬರೆದಿದ್ದೆ. ರಾತ್ರಿ ಮೂರು ಸಲ ತಿರುವಿದರೂ ಕಾಣಲಿಲ್ಲ. ಬೆಳಿಗ್ಗೆ ಬಂದು ಪುಸ್ತಕ ತೆರೆದರೆ ಮೊದಲ ಪುಟದಲ್ಲೇ ಇತ್ತು! ಅದಾದ ಮೇಲೆ ಸಂಜೆ ಆರರ ನಂತರ ನಾನು ಲೆಕ್ಕ ಮುಟ್ಟಲಿಲ್ಲ. ನೀವೂ ಪರಿಶೀಲನೆಯನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಿ.

ಹದಿನೈದು ದಿನ ಒಂದು ಡೈರಿ ಇಡಿ. ಯಾವ ತಪ್ಪು, ಎಷ್ಟು ಗಂಟೆಗೆ, ಯಾವ ಟೇಬಲ್‌ನ ಕೆಲಸದಲ್ಲಿ, ಇಷ್ಟು ಬರೆದರೆ ಸಾಕು. ಅದನ್ನು ಹಿಡಿದು ಸಾಹೇಬರ ಹತ್ತಿರ ಹೋಗಿ. 'ಸುಸ್ತಾಗಿದೆ ಸಾರ್' ಅಂದರೆ ಎಲ್ಲರಿಗೂ ಸುಸ್ತೇ ಅನ್ನುತ್ತಾರೆ. 'ಎರಡು ಟೇಬಲ್ ಕೆಲಸ ಇದೆ, ಮೊದಲು ಯಾವುದು ಮಾಡಲಿ, ಯಾವುದನ್ನು ಬೇರೆಯವರಿಗೆ ಕೊಡುತ್ತೀರಿ?' ಅಂತ ಬರೆದುಕೊಡಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಸಂಜೆ ಕುಂದವಾಡ ಕೆರೆ ಹತ್ತಿರ ಒಂದು ಸುತ್ತು ನಡೆದರೆ ಒಳ್ಳೆಯದೇ. ಆದರೆ ವಾಕಿಂಗ್‌ನಿಂದ ಎಲ್ಲ ಸರಿಹೋಗುತ್ತದೆ ಅಂತ ನಾನು ಸುಮ್ನೆ ಹೇಳಲಾರೆ. ಎಷ್ಟು ನಡೆದರೂ ಆ ಎರಡನೇ ಟೇಬಲ್ ಅಲ್ಲೇ ಇರುತ್ತದೆ, ಅಲ್ವಾ?

ಇನ್ನೊಂದು ಮಾತು. ರಕ್ತ ಕಡಿಮೆಯಿದ್ದರೂ, ಥೈರಾಯ್ಡ್ ಇದ್ದರೂ ಹೀಗೇ ಸುಸ್ತಾಗುತ್ತದೆ. ಒಮ್ಮೆ ಡಾಕ್ಟರಿಗೆ ತೋರಿಸಿ. ರಜೆ ದಿನವೂ ಯಾವುದರಲ್ಲೂ ಮನಸ್ಸಿಲ್ಲ ಅನ್ನಿಸಿದರೆ ತಡಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಡೈರಿ ಮುಗಿದ ಮೇಲೆ ನನಗೂ ಬರೆಯಿರಿ. ಯಾವ ಹೊತ್ತಿನ ತಪ್ಪು ಜಾಸ್ತಿ ಅಂತ ನನಗೂ ನೋಡಬೇಕು.